ದರೋಜಿ ಈರಮ್ಮ: ಹಾಡಿನೊಳಗಿನ ಮನೆ, ಮನೆಯೊಳಗಿನ ಹಾಡು

ಬುರ್ರಕಥೆಯ ಹಾಡುಗಾರ್ತಿ ದರೋಜಿ ಈರಮ್ಮ ಅವರು ಹುಟ್ಟಿದ್ದು ಸುಮಾರು 1930ರಲ್ಲಿ, ತೀರಿಕೊಂಡದ್ದು 2014ರ ಆಗಸ್ಟ್ 12ರಂದು. ಅವರ ಊರು ಸಂಡೂರು ತಾಲ್ಲೂಕಿನ ದರೋಜಿ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲುದಾರಿಯ ಮೇಲಿರುವ ಈ ಊರು ಹೊರಗಿನವರಿಗೆ ಕರಡಿಧಾಮದಿಂದ, ದೊಡ್ಡ ಕೆರೆಯಿಂದ ಗೊತ್ತು. ಈ ಸೀಮೆಯ ಹಳೆಯ ತಲೆಮಾರಿಗೆ ಮಾತ್ರ ದರೋಜಿ ಎಂದರೆ ಮೊದಲು ಈರಮ್ಮ, ಆಮೇಲೆ ಕೆರೆ. ‘ಬುರ್ರಕಥಾ ಈರಮ್ಮ’ ಎಂದೇ ಅವರನ್ನು ಕರೆಯುತ್ತಿದ್ದರು. ಕಲೆಯ ಹೆಸರು ವ್ಯಕ್ತಿಯ ಹೆಸರಿಗೆ ಹೀಗೆ ಅಂಟಿಕೊಳ್ಳುವುದು ಅಪರೂಪ. ಎಷ್ಟೋ ವರ್ಷ ಎಷ್ಟೋ ಊರುಗಳಲ್ಲಿ ಹಾಡಿದ ಮೇಲೆ ಜನರೇ ಕೊಟ್ಟ ಬಿರುದು ಅದು. ಉಳಿದ ಪ್ರಶಸ್ತಿಗಳೆಲ್ಲ ಅದರ ನಂತರ ಬಂದವು.

ಈರಮ್ಮ ಅವರದು ಬುಡ್ಗ ಜಂಗಮ ಸಮುದಾಯ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಈ ಸಮುದಾಯ ಅರೆ ಅಲೆಮಾರಿ ಬದುಕಿನದು. ವರ್ಷದ ಒಂದಿಷ್ಟು ತಿಂಗಳು ಒಂದೆಡೆ ನೆಲೆ, ಉಳಿದ ತಿಂಗಳು ಊರೂರು ಸುತ್ತಾಟ. ಕಥೆ ಹೇಳುವುದು, ವೇಷ ಹಾಕುವುದು, ಹಾಡಿ ಬೇಡುವುದು ಇವರ ಕಸುಬು. ಕಂಪ್ಲಿ, ದರೋಜಿ ಕಡೆಯ ಊರುಗಳಲ್ಲಿ ಹಗಲುವೇಷದ ಕುಟುಂಬಗಳೂ ಬುರ್ರಕಥೆಯ ಕುಟುಂಬಗಳೂ ಅಕ್ಕಪಕ್ಕದಲ್ಲಿಯೇ ಬೆಳೆದವು. ಜಮೀನು ಇಲ್ಲ, ಶಾಲೆ ಇಲ್ಲ, ತಲೆಯ ಮೇಲೆ ಭದ್ರವಾದ ಸೂರಿಲ್ಲ. ಇದ್ದ ಆಸ್ತಿಯೆಂದರೆ ಕಥೆಗಳು. ತಂದೆಯಿಂದ ಮಕ್ಕಳಿಗೆ ಹಂಚಿಕೆಯಾಗುತ್ತಿದ್ದುದು ಅವೇ. ಹೊಲ ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಕಡಿಮೆಯಾಗುತ್ತದೆ. ಕಥೆ ಹಂಚಿಕೊಂಡರೆ ಎಲ್ಲರಿಗೂ ಇಡಿಯಾಗಿ ಸಿಗುತ್ತದೆ.

ಅವರು ಹುಟ್ಟಿದ ಕಾಲಕ್ಕೆ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆಗಲೂ ಈಗಲೂ ಇದು ಎರಡು ನುಡಿಗಳ ನೆಲ. ಸಂತೆಯಲ್ಲಿ ಕನ್ನಡ ಮಾತಾಡಿದವರು ಮನೆಗೆ ಬಂದು ತೆಲುಗು ಮಾತಾಡುವುದು, ಅತ್ತೆ ತೆಲುಗಿನಲ್ಲಿ ಕೇಳಿದ್ದಕ್ಕೆ ಸೊಸೆ ಕನ್ನಡದಲ್ಲಿ ಉತ್ತರ ಕೊಡುವುದು ಇಲ್ಲಿ ಯಾರಿಗೂ ಸೋಜಿಗವಲ್ಲ. ಬುಡ್ಗ ಜಂಗಮರ ಮನೆಮಾತು ತೆಲುಗು. ಹಾಡುವುದು ಊರಿನವರ ಮಾತಿನಲ್ಲಿ. ಈರಮ್ಮ ಅವರ ಬಾಯಲ್ಲಿ ಎರಡೂ ನುಡಿಗಳು ಸಲೀಸಾಗಿ ಬರುತ್ತಿದ್ದವು. ತೆಲುಗು ಸೀಮೆಯಲ್ಲಿ ಹುಟ್ಟಿದ ಕಥೆಗಳು ಅವರ ಮೂಲಕ ಕನ್ನಡದ ಹಳ್ಳಿಗಳಿಗೆ ಬಂದವು, ಕನ್ನಡದ ವೀರರ ಕಥೆಗಳು ಬುರ್ರಕಥೆಯ ಮಟ್ಟು ಹಿಡಿದು ಹಾಡಾದವು. ಈ ಕೊಡುಕೊಳ್ಳುವಿಕೆಗೆ ಯಾವ ಸಂಸ್ಥೆಯೂ ಯೋಜನೆ ಹಾಕಿರಲಿಲ್ಲ. ಊರಿಂದೂರಿಗೆ ನಡೆದು ಹೋದ ಹಾಡುಗಾರರು ಅದನ್ನು ಮಾಡಿದರು.

ಬುರ್ರಕಥೆಗೆ ಬೇಕಾದ ಸಲಕರಣೆ ಕಡಿಮೆ. ಮುಖ್ಯ ಹಾಡುಗಾರರ ಹೆಗಲ ಮೇಲೆ ತಂಬೂರಿ. ಒಂದು ಕೈಯ ಬೆರಳು ತಂತಿ ಮೀಟುತ್ತಿದ್ದರೆ ಇನ್ನೊಂದು ಕೈಯಲ್ಲಿ ಅಂದೆ. ಇದು ಒಳಗೆ ಟೊಳ್ಳಾಗಿ, ಸಣ್ಣ ಗುಂಡುಗಳನ್ನು ತುಂಬಿಕೊಂಡ ಲೋಹದ ಬಳೆ. ಹೆಬ್ಬೆರಳಿಗೆ ಒಂದು, ಉಳಿದ ಬೆರಳಿಗೆ ಒಂದು ಹಾಕಿಕೊಂಡು ಒಂದಕ್ಕೊಂದು ತಾಗಿಸಿದರೆ ಜಣಜಣ ಎಂಬ ಹರಿತವಾದ ತಾಳ ಹೊರಡುತ್ತದೆ. ಹಿಂದೆ ಇಬ್ಬರ ಕೈಯಲ್ಲಿ ಬುರ್ರ, ಅಂದರೆ ಗುಮ್ಮಟೆಯಂಥ ಪುಟ್ಟ ಚರ್ಮವಾದ್ಯ. ಕೊಡದ ಆಕಾರದ ಮಣ್ಣಿನ ಇಲ್ಲವೇ ಲೋಹದ ಒಡಲು, ಒಂದು ಬಾಯಿಗೆ ಬಿಗಿದ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ಚರ್ಮದ ಮೇಲೆ ಬೆರಳಾಡಿಸುತ್ತ ತೆರೆದ ಬಾಯನ್ನು ಅಂಗೈಯಿಂದ ಮುಚ್ಚಿ ತೆಗೆದರೆ ನಾದ ಉಬ್ಬಿ ಇಳಿಯುತ್ತದೆ. ಯುದ್ಧದ ಪ್ರಸಂಗದಲ್ಲಿ ಅದು ಕುದುರೆಯ ಓಟವಾಗುತ್ತದೆ, ಸಾವಿನ ಪ್ರಸಂಗದಲ್ಲಿ ಬಿಕ್ಕುತ್ತದೆ. ಮೈಕು ಇಲ್ಲದ ಕಾಲದಲ್ಲಿ ಈ ಮೂರು ವಾದ್ಯ, ಮೂರು ಕೊರಳು ಸೇರಿ ಇಡೀ ಓಣಿಗೆ ಸಾಕಾಗುತ್ತಿದ್ದವು.

ಹಾಡಿನ ಕ್ರಮವೂ ಇದಕ್ಕೆ ತಕ್ಕಂತಿದೆ. ಮೊದಲು ದೇವರ ಸ್ತುತಿ, ಆಮೇಲೆ ಊರಿಗೂ ಕರೆಸಿದವರಿಗೂ ಒಳ್ಳೆಯದಾಗಲೆಂಬ ಹಾರೈಕೆ, ಆಮೇಲೆ ಕಥೆ. ಮುಂದಿನವರು ಒಂದು ಸಾಲು ಹಾಡಿದರೆ ಹಿಂದಿನವರು ಅದರ ಬಾಲ ಹಿಡಿದು ಎತ್ತಿಕೊಳ್ಳುತ್ತಾರೆ. ನಡುನಡುವೆ ಹಾಡು ನಿಂತು ಮಾತು ಬರುತ್ತದೆ. ಮಾತು ಬಿಗಿಯಾಗುತ್ತ ಹೋಗಿ ಮತ್ತೆ ಹಾಡಾಗುತ್ತದೆ. ಹಿಮ್ಮೇಳದವರು ಕೇಳುಗರ ಪರವಾಗಿ ಪ್ರಶ್ನೆ ಹಾಕುತ್ತಾರೆ, ಹೌದೇ ಎಂದು ಬೆರಗಾಗುತ್ತಾರೆ, ನಗಿಸುತ್ತಾರೆ. ಹಾಡುಗಾರ್ತಿಗೆ ಉಸಿರು ತಿರುಗಿಸಿಕೊಳ್ಳಲು, ಮುಂದಿನ ಸಾಲು ಹೊಂದಿಸಿಕೊಳ್ಳಲು ಸಿಗುವ ಬಿಡುವು ಅದು. ಮೂರು ದಾರಿ ಕೂಡುವಲ್ಲಿ, ಗುಡಿಯ ಮುಂದೆ, ಇಲ್ಲವೇ ಕರೆಸಿದವರ ಮನೆಯಂಗಳದಲ್ಲಿ ಊಟವಾದ ಮೇಲೆ ಶುರುವಾದ ಕಥೆ ಬೆಳಕು ಹರಿಯುವವರೆಗೆ ನಡೆಯುತ್ತಿತ್ತು. ದೊಡ್ಡ ಕಥೆಯಾದರೆ ಒಂದು ರಾತ್ರಿಗೆ ಮುಗಿಯುತ್ತಿರಲಿಲ್ಲ.

ತೆಲುಗು ನಾಡಿನಲ್ಲಿ ಇದೇ ಕಲೆ 1940ರ ದಶಕದಲ್ಲಿ ಬೇರೊಂದು ತಿರುವು ಪಡೆಯಿತು. ಪ್ರಜಾನಾಟ್ಯ ಮಂಡಳಿಯವರು ಅದನ್ನು ವೇದಿಕೆಗೆ ತಂದು ಜನಜಾಗೃತಿಯ, ಹೋರಾಟದ ಮಾಧ್ಯಮವಾಗಿಸಿದರು. ಬುರ್ರಕಥೆಯ ಹಾಡುಗಾರ ಶೇಕ್ ನಾಜರ್ ಅವರ ಹೆಸರು ಆಗಲೇ ಮನೆಮಾತಾಯಿತು. ಅವರಿಗೆ 1986ರಲ್ಲಿ ಪದ್ಮಶ್ರೀ ಬಂತು. ಪೇಟ, ಉದ್ದನೆಯ ಅಂಗಿ, ಗೆಜ್ಜೆ ಕಟ್ಟಿದ ಗಂಡಸರ ಆ ಬುರ್ರಕಥೆ ಚುರುಕು, ಸಮಕಾಲೀನ. ದರೋಜಿಯ ಬುರ್ರಕಥೆ ಅದಕ್ಕಿಂತ ಹಳೆಯ ದಾರಿಯದು. ಜಂಗಮರ ಹಳೆಯ ಕಟ್ಟಳೆಯಲ್ಲಿ ಕಥೆಯ ಮುಂದಾಳು ಗಂಡಸು, ಬುರ್ರ ಬಾರಿಸುತ್ತ ದನಿಗೂಡಿಸುವವರು ಅವನ ಮನೆಯ ಹೆಂಗಸರು. ಈರಮ್ಮ ಅವರ ಮೇಳದಲ್ಲಿ ತಂಬೂರಿಯೂ ಹೆಣ್ಣಿನ ಹೆಗಲೇರಿತು. ಹಿಂದೆ ನಿಂತವರು ಒಡಹುಟ್ಟಿದ ಶಿವಮ್ಮ ಮತ್ತು ಹತ್ತಿರದ ನಂಟರಾದ ಪಾರ್ವತಮ್ಮ. ಮೂವರೂ ಹೆಂಗಸರು, ಮೂವರೂ ಒಂದೇ ಕುಟುಂಬದವರು. ಈ ಮೇಳದ ಸೊಗಸು ಬಹುಪಾಲು ಇದರಲ್ಲಿತ್ತು. ಒಂದೇ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದವರಿಗೆ ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿರುತ್ತದೆ. ಎಲ್ಲಿ ದನಿ ಎತ್ತಬೇಕು, ಎಲ್ಲಿ ಬಿಡಬೇಕು ಎಂದು ಹೇಳಿಕೊಡಬೇಕಾಗಿಲ್ಲ.

ಈರಮ್ಮ ಅವರಿಗೆ ಗುರು ತಂದೆ ಲಾಲಪ್ಪ. ಹನ್ನೆರಡರ ವಯಸ್ಸಿಗೆ ಕಲಿಕೆ ಶುರುವಾಯಿತು. ಅಕ್ಷರ ಬಾರದ ಮನೆಯಲ್ಲಿ ಕಲಿಕೆಯ ರೀತಿಯೇ ಬೇರೆ. ಪಾಠಕ್ಕೆಂದು ಕೂರಿಸುವುದಿಲ್ಲ. ದಾರಿ ನಡೆಯುವಾಗ, ಮರದ ಕೆಳಗೆ ತಂಗಿದಾಗ, ರಾತ್ರಿ ಕಥೆ ನಡೆಯುವಾಗ ಮಗು ಪಕ್ಕದಲ್ಲಿರುತ್ತದೆ. ಮೊದಮೊದಲು ಪಲ್ಲವಿಗೆ ದನಿ ಸೇರಿಸುತ್ತದೆ, ಆಮೇಲೆ ಬುರ್ರಕ್ಕೆ ಕೈ ಹಾಕುತ್ತದೆ, ಕೊನೆಗೊಂದು ದಿನ ತಂದೆ ನೀರು ಕುಡಿಯಲು ನಿಲ್ಲಿಸಿದಲ್ಲಿಂದ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ಇಂಥ ಮನೆಗಳಲ್ಲಿ ಅಪ್ಪನ ನೆನಪು, ಕಥೆಯ ನೆನಪು ಬೇರೆ ಬೇರೆಯಾಗಿ ಉಳಿಯುವುದಿಲ್ಲ. ಒಂದು ಏರುದನಿ ಬಂದರೆ ಅದು ಅಪ್ಪ ಹಾಡುತ್ತಿದ್ದ ದನಿ. ಒಂದು ಪ್ರಸಂಗ ಬಂದರೆ ಅದು ಅಪ್ಪ ಕಣ್ಣೀರು ಹಾಕುತ್ತಿದ್ದ ಪ್ರಸಂಗ. ಓದುಬರಹ ಇದ್ದ ಮನೆಗಳು ಹಿರಿಯರ ಪಟ ಇಟ್ಟುಕೊಂಡರೆ ಹಾಡುಗಾರರ ಮನೆಗಳು ಹಿರಿಯರ ಮಟ್ಟು ಇಟ್ಟುಕೊಳ್ಳುತ್ತವೆ.

ಅವರಿಗೆ ಬರುತ್ತಿದ್ದ ಜನಪದ ಮಹಾಕಾವ್ಯಗಳು ಹನ್ನೆರಡು. ಎಲ್ಲವನ್ನೂ ಕೂಡಿಸಿದರೆ ಸುಮಾರು 2 ಲಕ್ಷ ಸಾಲು, ಮುದ್ರಿಸಿದರೆ 7,000 ಪುಟ ಎಂದು ಅಂದಾಜು ಮಾಡಲಾಗಿದೆ. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ ಅವುಗಳಲ್ಲಿ ಹೆಸರಾದವು. ಈ ಸಂಖ್ಯೆ ಕೇಳಿದವರು ಇದು ನೆನಪಿನ ಪವಾಡ ಎಂದು ಬಿಡುತ್ತಾರೆ. ನೆನಪು ಹೌದು, ಆದರೆ ಮಕ್ಕಳು ಮಗ್ಗಿ ಒಪ್ಪಿಸುವ ಬಗೆಯ ನೆನಪಲ್ಲ. ಅಮೆರಿಕದ ವಿದ್ವಾಂಸರಾದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ಇದೇ ಪ್ರಶ್ನೆ ಹಿಡಿದು ತಿರುಗಿದರು. ಅಲ್ಲಿ ಅವ್ಡೊ ಮೆಜೆಡೊವಿಚ್ ಎಂಬ ಅನಕ್ಷರಸ್ಥ ಹಾಡುಗಾರ 12,000ಕ್ಕೂ ಹೆಚ್ಚು ಸಾಲಿನ ಒಂದೇ ಹಾಡನ್ನು ಅವರಿಗೆ ಒಪ್ಪಿಸಿದ. ಅವರು ಕಂಡುಕೊಂಡದ್ದು ಇಷ್ಟು: ಬಾಯಿಪಾಠದ ಕವಿ ಸಾಲು ಸಾಲನ್ನು ಉರುಹೊಡೆದಿರುವುದಿಲ್ಲ. ಅವನ ಬಳಿ ಕಥೆಯ ಎಲುಬುಗೂಡು ಇರುತ್ತದೆ, ಸಿದ್ಧ ನುಡಿಗಟ್ಟುಗಳಿರುತ್ತವೆ, ಬೆಳಗು ಮೂಡುವುದಕ್ಕೆ, ಕುದುರೆ ಸಜ್ಜಾಗುವುದಕ್ಕೆ, ತಾಯಿ ಮಗನನ್ನು ಕಳಿಸಿಕೊಡುವುದಕ್ಕೆ ಗೊತ್ತಾದ ವರ್ಣನೆಗಳಿರುತ್ತವೆ. ಹಾಡುವ ಹೊತ್ತಿಗೆ ಅವನು ಕಾವ್ಯವನ್ನು ಮತ್ತೆ ಕಟ್ಟುತ್ತಾನೆ. ಲಾರ್ಡ್ ಇದನ್ನೆಲ್ಲ 1960ರಲ್ಲಿ ಪುಸ್ತಕವಾಗಿ ತಂದರು.

ದರೋಜಿಯ ಹಾಡುಗಾರ್ತಿಯ ಶಕ್ತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಅವರು ಕಾವ್ಯಗಳನ್ನು ಹೊತ್ತು ತಂದವರು ಮಾತ್ರ ಅಲ್ಲ, ಪ್ರತಿ ರಾತ್ರಿ ಅವನ್ನು ಕಟ್ಟಿದವರು. ಮುಂದೆ ಕೂತವರಲ್ಲಿ ಹೆಂಗಸರು ಹೆಚ್ಚಿದ್ದರೆ ತವರಿನ ಪ್ರಸಂಗ ಹಿಗ್ಗುತ್ತದೆ. ಗರಡಿಯ ಹುಡುಗರಿದ್ದರೆ ಯುದ್ಧ ಹಿಗ್ಗುತ್ತದೆ. ಮಳೆ ಬರುವಂತಿದ್ದರೆ ಕಥೆ ಕುಗ್ಗುತ್ತದೆ. ಹೀಗಾಗಿ ಒಂದು ಕಾವ್ಯವನ್ನು ಅವರಿಂದ ಎರಡು ಸಲ ಕೇಳಿದವರು ಎರಡು ಕಾವ್ಯ ಕೇಳಿದಂತೆಯೇ. ಒಂದು ಪಾಠವನ್ನು ಧ್ವನಿಮುದ್ರಿಸಿ ಇದೇ ಈರಮ್ಮನ ಕುಮಾರರಾಮ ಎಂದು ಮುದ್ರೆ ಒತ್ತಿದರೆ ಸಿಗುವುದು ಒಂದು ರಾತ್ರಿಯದು ಮಾತ್ರ.

ಕುಮಾರರಾಮನ ಕಥೆಗೆ ಈ ಭಾಗದಲ್ಲಿ ಇರುವ ಬೆಲೆ ಬೇರೆಡೆ ಇಲ್ಲ. ಕಂಪ್ಲಿ ಕಂಪಿಲರಾಯನ ನೆಲ, ಗಂಗಾವತಿ ಬಳಿಯ ಕುಮ್ಮಟದುರ್ಗ ಅವನ ಕೋಟೆ. ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಷಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟ. ಅದರ ಬೆನ್ನಿಗೆ ದೆಹಲಿಯ ಸೈನ್ಯ ಬಂತು. 1327ರ ಸುಮಾರಿಗೆ ಕಂಪಿಲಿಯ ರಾಜ್ಯ ಅಳಿಯಿತು. ಒಂಬತ್ತು ಹತ್ತು ವರ್ಷದಲ್ಲಿ ತುಂಗಭದ್ರೆಯ ಆಚೀಚೆ ವಿಜಯನಗರ ತಲೆಯೆತ್ತಿತು. ಕಂಪಿಲರಾಯನ ಮಗ ಕುಮಾರರಾಮ ಹೋರಾಡಿ ಮಡಿದ. ಹದಿನಾರನೆಯ ಶತಮಾನದ ನಂಜುಂಡ ಕವಿ ಅವನನ್ನು ‘ರಾಮನಾಥ ಚರಿತೆ’ಯ ನಾಯಕನನ್ನಾಗಿ ಮಾಡಿದ. ಆದರೆ ಓದಿನ ಕಾವ್ಯಕ್ಕಿಂತ ಹೆಚ್ಚಾಗಿ ಹಾಡಿನಿಂದಲೇ ಕುಮಾರರಾಮ ಜನರ ಮನೆಯೊಳಗೆ ಬಂದ. ಅವನ ಮೊಗವನ್ನು ಮರದಲ್ಲಿ ಕಡೆದು ಪೂಜಿಸುವ ಪದ್ಧತಿ ಕನ್ನಡ ನಾಡಿನ ಹಲವು ಕಡೆ ಇದೆ. ಕಂಪ್ಲಿ ಸುತ್ತಲಿನ ಮೆಟ್ರಿ, ದೇವಲಾಪುರ, ರಾಮಸಾಗರದ ಕಡೆಯ ಕೇಳುಗರಿಗೆ ಈ ಕಥೆಯ ಜಾಗಗಳು ದೂರದ ಹಸ್ತಿನಾಪುರವಲ್ಲ. ನಡೆದು ಹೋಗಬಹುದಾದ ಗುಡ್ಡ, ಎಮ್ಮೆ ಮೈತೊಳೆಯುವ ಹೊಳೆ.

ಆದರೂ ಕೇಳುಗರು ಉಸಿರು ಬಿಗಿಹಿಡಿಯುತ್ತಿದ್ದುದು ಯುದ್ಧಕ್ಕಲ್ಲ, ಮನೆಯೊಳಗಿನ ಘಟನೆಗೆ. ಕಥೆ ಹೀಗಿದೆ. ಕುಮಾರರಾಮನಿಗೆಂದು ಗೊತ್ತುಮಾಡಿದ್ದ ರತ್ನಾಜಿಯನ್ನು ಮುದಿ ತಂದೆಯೇ ಮದುವೆಯಾಗುತ್ತಾನೆ. ಒಂದು ದಿನ ರಾಮ ಗೆಳೆಯರೊಂದಿಗೆ ಚೆಂಡಾಟ ಆಡುವಾಗ ಚೆಂಡು ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಮೋಹಿಸುತ್ತಾಳೆ. ಅವನು ತಾಯಿಯೆಂದು ಕೈಮುಗಿಯುತ್ತಾನೆ. ಅವಮಾನದಿಂದ ಕುದಿದ ಅವಳು ಗಂಡನ ಮುಂದೆ ಚಾಡಿ ಹೇಳುತ್ತಾಳೆ. ಕಂಪಿಲರಾಯ ವಿಚಾರಿಸದೆ ಮಗನ ತಲೆ ಕಡಿಯಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ದೆಹಲಿಯ ದಂಡು ಬಂದು ಕೋಟೆ ಮುತ್ತಿದಾಗ ಸತ್ತನೆಂದುಕೊಂಡ ಮಗನೇ ಎದ್ದು ಬಂದು ತಂದೆಯ ರಾಜ್ಯಕ್ಕಾಗಿ ಹೋರಾಡುತ್ತಾನೆ.

ಇದರಲ್ಲಿ ರಾಜಕಾರಣವಿದೆ, ಶೌರ್ಯವಿದೆ. ಆದರೆ ಮನೆಯಂಗಳದಲ್ಲಿ ಕೂತ ಹೆಂಗಸರಿಗೆ ಕೇಳಿಸುತ್ತಿದ್ದುದು ಇನ್ನೊಂದು ಕಥೆ: ವಯಸ್ಸಿಗೆ ಹೊಂದದ ಮದುವೆ, ಮಲತಾಯಿ, ಮಗನ ಮಾತನ್ನು ಕೇಳದ ತಂದೆ, ಗಂಡನಿಗೂ ಮಗನಿಗೂ ನಡುವೆ ಸಿಕ್ಕಿಬಿದ್ದ ಹೆತ್ತ ತಾಯಿ ಹರಿಹರದೇವಿ. ಎರಡನೆಯ ಸಂಬಂಧಕ್ಕೆ ಕೊಟ್ಟ ಹುಡುಗಿಯರು, ಬಾಣಂತನದಲ್ಲಿ ತಾಯಿಯನ್ನು ಕಳೆದುಕೊಂಡ ಮಕ್ಕಳು ಹಳೆಯ ಕಾಲದಲ್ಲಿ ಊರಿಗೆ ನಾಲ್ಕು ಮನೆಯಲ್ಲಿ ಇದ್ದರು. ಆ ಮನೆಗಳಲ್ಲಿ ಬಾಯಿಬಿಟ್ಟು ಆಡಲಾಗದ ಮಾತನ್ನು ರತ್ನಾಜಿ, ರಾಮ, ಕಂಪಿಲರಾಯ ಆಡಿಬಿಡುತ್ತಿದ್ದರು. ತಂದೆಯ ಎದುರಿಗೆ ದನಿ ಎತ್ತದ ಮಗನೂ ರಾಮನಿಗಾಗಿ ಮರುಗಬಹುದಿತ್ತು; ಮಗನನ್ನು ಬೈದು ಹೊರಗಟ್ಟಿದ ತಂದೆಯೂ ಅದೇ ಅಂಗಳದಲ್ಲಿ ಕೂತು ಕಥೆ ಕೇಳಬೇಕಾಗುತ್ತಿತ್ತು. ಇದನ್ನೆಲ್ಲ ಒಬ್ಬ ಹೆಂಗಸಿನ ಕೊರಳಿನಿಂದ ಕೇಳುವಾಗ ಅದರ ಧಾಟಿ ಬದಲಾಗುತ್ತದೆ. ವೀರನ ಕಥೆಯಾಗಿ ಶುರುವಾದದ್ದು ಸಂಸಾರದ ಕಥೆಯಾಗಿ ಮುಟ್ಟುತ್ತದೆ. ಬುರ್ರಕಥೆ ಈ ಸೀಮೆಯ ಕುಟುಂಬಗಳ ನೆನಪಿನಲ್ಲಿ ಅಷ್ಟು ಆಳಕ್ಕೆ ಇಳಿದದ್ದಕ್ಕೆ ಇದೇ ಮುಖ್ಯ ಕಾರಣ.

ಬಾಲನಾಗಮ್ಮನ ಕಥೆ ಇನ್ನೂ ನೇರ. ತೆಲುಗು ನಾಡಿನಲ್ಲಿ ಇದು ಎಷ್ಟು ಜನಪ್ರಿಯವೆಂದರೆ 1942ರಲ್ಲಿ ಮದರಾಸಿನ ಜೆಮಿನಿ ಸಂಸ್ಥೆ ಇದನ್ನು ಸಿನಿಮಾ ಮಾಡಿತು. ಎಳೆಯ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದ್ದ ತಾಯಿಯನ್ನು ಮಾಯಲ ಮರಾಠಿ ಎಂಬ ಮಾಂತ್ರಿಕ ಹೊತ್ತೊಯ್ಯುತ್ತಾನೆ. ಅವಳು ವ್ರತದ ನೆಪ ಹೇಳಿ ವರ್ಷಗಟ್ಟಲೆ ಅವನನ್ನು ದೂರ ಇಡುತ್ತಾಳೆ. ಇತ್ತ ದೊಡ್ಡಮ್ಮಂದಿರ ಕೈಯಲ್ಲಿ ಬೆಳೆದ ಮಗ ತನ್ನ ಹೆತ್ತವಳು ಯಾರೆಂದು ತಿಳಿದು ಹುಡುಕಿಕೊಂಡು ಹೋಗಿ, ಗಿಳಿಯೊಳಗೆ ಅಡಗಿದ್ದ ಮಾಂತ್ರಿಕನ ಜೀವ ತೆಗೆದು, ತಾಯಿಯನ್ನು ಕರೆತರುತ್ತಾನೆ. ಸಾಕಿದವರೆಲ್ಲ ಇದ್ದರೂ ಹೆತ್ತವಳಿಗಾಗಿ ಹಂಬಲಿಸುವ ಮಗು, ಮಗ ಹೇಗೆ ಬೆಳೆದಿರಬಹುದೆಂದು ಕತ್ತಲ ಕೋಣೆಯಲ್ಲಿ ಲೆಕ್ಕ ಹಾಕುವ ತಾಯಿ: ಈ ಎರಡು ಚಿತ್ರಗಳ ಮೇಲೆ ಕಥೆ ನಿಂತಿದೆ. ಕಥೆ ತಾಯಿ ಮಗ ಮುಖಾಮುಖಿಯಾಗುವಲ್ಲಿಗೆ ಬಂದಾಗ ಬುರ್ರದ ಬಡಿತ ನಿಧಾನಿಸುತ್ತದೆ, ತಂಬೂರಿಯ ನಾದವಷ್ಟೇ ಉಳಿಯುತ್ತದೆ. ಕೇಳುವವರು ಸೆರಗಿಗೆ ಕೈ ಹಾಕುವುದು ಅಲ್ಲಿ.

ಬುರ್ರಕಥೆಯ ರಾತ್ರಿ ಊರಿನ ಕುಟುಂಬಗಳಿಗೆ ಎಂಥದಾಗಿತ್ತು ಎಂಬುದನ್ನೂ ಹೇಳಬೇಕು. ಸುಗ್ಗಿ ಮುಗಿದು ಕಣ ಖಾಲಿಯಾಗಿ ಕೈಯಲ್ಲಿ ಬಿಡುವಿರುವ ಕಾಲ. ಜೋಳದ ರೊಟ್ಟಿ, ಪಲ್ಯ ಹೊತ್ತಿಗೆ ಮುಂಚೆಯೇ ಆಗಿಬಿಡುತ್ತಿತ್ತು. ಮೂರು ತಲೆಮಾರು ಒಂದೇ ಚಾಪೆಯ ಮೇಲೆ ಕೂರುತ್ತಿದ್ದುದು ವರ್ಷದಲ್ಲಿ ಕೆಲವೇ ದಿನ, ಅದರಲ್ಲಿ ಇದೂ ಒಂದು. ಅಜ್ಜಿಯರು ಮುಂದೆ, ಅವರ ತೊಡೆಯ ಮೇಲೆ ಮೊಮ್ಮಕ್ಕಳು, ಗಂಡಸರು ಕಟ್ಟೆಯ ಮೇಲೆ, ಹೊಸ ಸೊಸೆಯರು ಬಾಗಿಲ ಮರೆಯಲ್ಲಿ. ಮಕ್ಕಳು ಯುದ್ಧ ಬರುವ ಮೊದಲೇ ನಿದ್ದೆ ಹೋಗುತ್ತಿದ್ದರು. ಉಳಿದ ಕಥೆಯನ್ನು ಬೆಳಿಗ್ಗೆ ಅಜ್ಜಿಯ ಬಾಯಿಂದ ಕೇಳುತ್ತಿದ್ದರು. ಹೀಗೆ ಒಂದೇ ಕಥೆ ಎರಡು ದನಿಯಲ್ಲಿ ಮಗುವಿನ ಕಿವಿಗೆ ಬೀಳುತ್ತಿತ್ತು, ಮೇಳದ ಹಾಡಾಗಿ ಒಮ್ಮೆ, ಅಜ್ಜಿಯ ಮಾತಾಗಿ ಇನ್ನೊಮ್ಮೆ. ಇಂದು ಅರವತ್ತು ಎಪ್ಪತ್ತರ ವಯಸ್ಸಿನವರು ಬುರ್ರಕಥೆಯನ್ನು ನೆನೆಸಿಕೊಂಡರೆ ಅದರ ಜೊತೆಗೆ ಅಜ್ಜಿಯೂ ಬರುವುದು ಇದರಿಂದ.

ಬೆಳಗಾದ ಮೇಲೆ ಮೇಳದವರು ಮನೆಮನೆಗೆ ಬರುತ್ತಿದ್ದರು. ಮೊರದಲ್ಲಿ ಜೋಳವೋ ಭತ್ತವೋ, ಒಂದು ಹಳೆಯ ಸೀರೆ, ಮಕ್ಕಳಿಗೆ ರೊಟ್ಟಿ. ಕೊಟ್ಟವರ ಮನೆತನವನ್ನು ಹಾರೈಸಿ, ಸತ್ತ ಹಿರಿಯರ ಹೆಸರು ಹಿಡಿದು ಹಾಡುವುದು ಅಲೆಮಾರಿ ಹಾಡುಗಾರರ ವಾಡಿಕೆ. ಆ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಹಾಡುಗಾರರ ಬಾಯಲ್ಲಿ ಆ ಹೆಸರು ಬಂದ ಕೂಡಲೇ ಹೆಂಗಸರು ಕಂಬಕ್ಕೊರಗುತ್ತಿದ್ದರು. ವರ್ಷಕ್ಕೊಮ್ಮೆ ಬರುವ ಹಾಡುಗಾರರಿಗೆ ಊರಿನ ಮನೆಗಳ ಹುಟ್ಟು, ಸಾವು, ಮದುವೆಗಳ ಲೆಕ್ಕ ನೆನಪಿರುತ್ತಿತ್ತು. ಇದನ್ನು ಬರೀ ಭಿಕ್ಷೆ ಎಂದು ಕಂಡವರಿಗೆ ಅದರ ಒಳಗಿನ ನಂಟು ಕಾಣಲಿಲ್ಲ. ಹಾಡುವವರು, ಕೇಳುವವರು ಇಬ್ಬರೂ ಬಡವರಾಗಿದ್ದ ಕಾಲದಲ್ಲಿ ಕಾಳಿಗೆ ಬದಲಾಗಿ ನೆನಪನ್ನು ಕೊಡುವ ವ್ಯವಹಾರ ಅದು, ಮತ್ತು ಅದರಲ್ಲಿ ಹೆಚ್ಚು ಕೊಟ್ಟವರು ಹಾಡುವವರೇ.

ಆ ಕಾಲ ಬೇಗ ಬದಲಾಯಿತು. ತುಂಗಭದ್ರಾ ಕಾಲುವೆಯ ನೀರು ಹರಿದ ಕಡೆ ಎರಡು ಬೆಳೆ ಬಂತು, ಕಣದ ಬಿಡುವು ಹೋಯಿತು. ಸಂಡೂರಿನ ಗುಡ್ಡಗಳಲ್ಲಿ ಗಣಿ ಬೆಳೆದು ದುಡಿಯುವ ಕೈಗಳು ಪಾಳಿಯ ಕೆಲಸಕ್ಕೆ ಹೋದವು. ಟೂರಿಂಗ್ ಟಾಕೀಸು, ಆಮೇಲೆ ಟೀವಿ ಮನೆಯವರನ್ನು ಬೇರೆ ದಿಕ್ಕಿಗೆ ಕೂರಿಸಿದವು. ರಾತ್ರಿಯಿಡೀ ಕೂತು ಕೇಳುವ ವ್ಯವಧಾನ ಊರುಗಳಿಂದ ಸರಿದಂತೆ ಬುರ್ರಕಥೆ ಅಂಗಳದಿಂದ ವೇದಿಕೆಗೆ, ರಾತ್ರಿಯಿಂದ ಅರ್ಧ ಗಂಟೆಗೆ ಬಂದು ನಿಂತಿತು. ಬಾನುಲಿಗೂ ಉತ್ಸವಕ್ಕೂ ಹಾಡಬೇಕಾದಾಗ ಮಹಾಕಾವ್ಯದ ಹಾಡುಗಾರ್ತಿಗೆ ಒದಗುವ ಇಕ್ಕಟ್ಟು ಸಣ್ಣದಲ್ಲ. ಇಡೀ ಕುಮಾರರಾಮನಲ್ಲಿ ಯಾವ ಅರ್ಧ ಗಂಟೆಯನ್ನು ಆರಿಸಬೇಕು? ಸ್ತುತಿ ಬಿಟ್ಟರೆ ಕಥೆ ಏಳುವುದಿಲ್ಲ, ಸ್ತುತಿ ಹಾಡಿದರೆ ಕಥೆಗೆ ಹೊತ್ತಿಲ್ಲ. ಹಾಗಿದ್ದರೂ ಬಾನುಲಿಯಂಥ ಮಾಧ್ಯಮದಿಂದ ಒಂದು ಲಾಭವಾಯಿತು. ಬುರ್ರಕಥೆಯನ್ನು ಎದುರಿಗೆ ಕೂತು ಕೇಳದ ಮನೆಗಳಿಗೂ ಆ ಮಟ್ಟು ತಲುಪಿತು, ಅಲೆಮಾರಿಗಳ ಹಾಡು ಎಂದು ದೂರ ನಿಲ್ಲಿಸಿದ್ದವರ ಮನೆಗಳಿಗೂ ಸಹ.

ವಿದ್ವತ್ತಿನ ಲೋಕ ದರೋಜಿಯತ್ತ ತಿರುಗಿದ್ದು ತಡವಾಗಿ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಇದಕ್ಕೆ ದೊಡ್ಡ ನೆರವಾಯಿತು. ಹಾಡುಗಾರ್ತಿಯ ಮನೆಗೂ ವಿಶ್ವವಿದ್ಯಾಲಯಕ್ಕೂ ಒಂದು ಬಸ್ಸಿನ ದೂರ. ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪನಂಥ ಕನ್ನಡದ ಮೌಖಿಕ ಕಾವ್ಯಗಳ ಸಾಲಿನಲ್ಲಿ ದರೋಜಿಯ ಕಾವ್ಯಗಳಿಗೂ ಜಾಗ ಸಿಕ್ಕಿತು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ, ಆಮೇಲೆ ಜಾನಪದಶ್ರೀ ಬಂದವು. ನಾಡೋಜ ಗೌರವ ಡಾಕ್ಟರೇಟಿಗೆ ಸಮನಾದದ್ದು. ಶಾಲೆಯ ಮೆಟ್ಟಿಲು ಹತ್ತದ, ಊರೂರು ತಿರುಗಿ ಹಾಡಿದ ಬುಡ್ಗ ಜಂಗಮರ ಹೆಣ್ಣುಮಗಳೊಬ್ಬಳಿಗೆ ಅದು ಸಂದದ್ದು ಆ ಗೌರವಕ್ಕೂ ಘನತೆ ತಂದಿತು. ಗೌರವ ಬಂದ ವೇಳೆಗೆ ಅವರಿಗೆ ಎಪ್ಪತ್ತು ದಾಟಿತ್ತು ಎಂಬುದನ್ನು ಮರೆಯಬಾರದು. ಕೊರಳು ತುಂಬು ಹರೆಯದಲ್ಲಿದ್ದ ದಶಕಗಳಲ್ಲಿ ಅದನ್ನು ಹಿಡಿದಿಡಲು ಹಳ್ಳಿಗಳಿಗೆ ಯಾವ ಯಂತ್ರವೂ ಬರಲಿಲ್ಲ.

ಛತ್ತೀಸಗಢದ ಪಂಡವಾನಿಯ ತೀಜನ್ ಬಾಯಿ ಕೂಡ ಹೀಗೆಯೇ ಅಕ್ಷರ ಕಲಿಯದೆ ಮಹಾಭಾರತವನ್ನು ಹಾಡಿದವರು. ಅವರಿಗೆ 2019ರಲ್ಲಿ ಪದ್ಮವಿಭೂಷಣ ಬಂತು, ಅವರ ಹೆಸರು ದೇಶವಿದೇಶಗಳಿಗೆ ಹೋಯಿತು. ತಂಬೂರಿ ಹಿಡಿದು ನಿಂತು, ಗಂಡಸರ ಮುಂದಾಳುತನವನ್ನು ತನ್ನದಾಗಿಸಿಕೊಂಡ ಹೆಣ್ಣು ಎಂಬ ಮಾತಿನಲ್ಲಿ ಇಬ್ಬರೂ ಒಂದೇ ಸಾಲಿನವರು. ಈರಮ್ಮ ಅವರ ಕಾವ್ಯಗಳ ಹರವು ಅದಕ್ಕೆ ಕಡಿಮೆಯಲ್ಲ. ಅವರ ಕೀರ್ತಿ ಮಾತ್ರ ಬಹುಪಾಲು ಕನ್ನಡ ನಾಡಿನೊಳಗೇ ನಿಂತಿತು, ಅದರಲ್ಲಿಯೂ ತುಂಗಭದ್ರೆಯ ಈ ದಂಡೆಯಲ್ಲಿ.

2014ರ ಆಗಸ್ಟ್‌ನಲ್ಲಿ ಬಳ್ಳಾರಿಯಲ್ಲಿ ಅವರು ಕೊನೆಯುಸಿರೆಳೆದಾಗ ಎಂಬತ್ತನಾಲ್ಕರ ಆಸುಪಾಸಿನ ವಯಸ್ಸು. ಆಮೇಲೆ ಈ ಭಾಗದ ಆಡಳಿತದ ನಕಾಶೆಯೂ ಬದಲಾಗಿದೆ. ಕಂಪ್ಲಿ ತಾಲ್ಲೂಕಾಯಿತು, 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಉಳಿದವು. ಕುಮಾರರಾಮನ ಕಥೆ ಈಗ ಬಳ್ಳಾರಿ, ವಿಜಯನಗರ, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಹಾಡಿಗೆ ಆ ಗಡಿಗಳು ಲೆಕ್ಕವಿಲ್ಲ. ಆದರೆ ಹಾಡನ್ನು ಉಳಿಸುವ ಕೆಲಸಕ್ಕೆ ಲೆಕ್ಕವಿದೆ. ಒಂದು ಜಿಲ್ಲೆಯ ಕಲಾವಿದರ ಪಟ್ಟಿಯಲ್ಲಿ ಇದ್ದವರು ಇನ್ನೊಂದರ ಪಟ್ಟಿಯಲ್ಲಿ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.

ಬುಡ್ಗ ಜಂಗಮರ ಮಕ್ಕಳು ಇಂದು ಶಾಲೆಗೆ ಹೋಗುತ್ತಿದ್ದಾರೆ. ಅದು ಆಗಲೇಬೇಕಾದದ್ದು. ಕಲೆ ಉಳಿಯಲೆಂದು ಯಾವ ಮಗುವೂ ಅಲೆಮಾರಿಯಾಗಿ ಉಳಿಯಬೇಕಾಗಿಲ್ಲ. ಓದುವ ಮಕ್ಕಳೇ ತಮ್ಮ ಅಜ್ಜಿಯರ ಕಾವ್ಯವನ್ನು ಬರೆದಿಡುವಂತಾದರೆ ಅದಕ್ಕಿಂತ ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಯಾವ ಶಬ್ದವನ್ನು ಯಾರು ಎಲ್ಲಿ ಹೇಗೆ ಎಳೆಯುತ್ತಿದ್ದರು ಎಂಬುದು ಆ ಮನೆಯ ಕಿವಿಗೆ ಗೊತ್ತಿರುವಷ್ಟು ಹೊರಗಿನ ಸಂಶೋಧಕರಿಗೆ ಗೊತ್ತಾಗುವುದಿಲ್ಲ. ಆ ಮಕ್ಕಳಿಗೆ ಒಂದು ಧ್ವನಿಮುದ್ರಣ ಯಂತ್ರ, ಒಂದಿಷ್ಟು ವಿದ್ಯಾರ್ಥಿವೇತನ, ಹಾಡಲು ವರ್ಷಕ್ಕೊಂದು ರಾತ್ರಿ ಸಿಕ್ಕರೆ ಸಾಕು. ಹಂಪಿಯಲ್ಲಿ ಉತ್ಸವ ನಡೆಯುವಾಗಲೆಲ್ಲ ಒಂದು ವೇದಿಕೆಯಲ್ಲಿ ಬುರ್ರಕಥೆಗೆ ಅರ್ಧ ಗಂಟೆಯ ಬದಲು ಇಡೀ ರಾತ್ರಿ ಕೊಡುವುದು ಕಷ್ಟದ ಮಾತಲ್ಲ.

ಕೇಳಿದ ಮನೆಗಳಿಗೂ ಒಂದು ಕೆಲಸವಿದೆ. ಮೆಟ್ರಿ, ಕಂಪ್ಲಿ, ಸಂಡೂರು, ಹೊಸಪೇಟೆಯ ಕಡೆ ಬುರ್ರಕಥೆಯನ್ನು ಅಂಗಳದಲ್ಲಿ ಕೂತು ಕೇಳಿದ ಕೊನೆಯ ತಲೆಮಾರಿನ ಹಿರಿಯರು ಈಗಲೂ ಇದ್ದಾರೆ. ಯಾವ ಕಥೆ, ಯಾರ ಮನೆಯ ಮುಂದೆ, ಯಾವ ಹಬ್ಬದ ಹಿಂದುಮುಂದು, ಎಲ್ಲಿ ಜನ ಅತ್ತರು ಎಂಬುದನ್ನು ಅವರು ಹೇಳಬಲ್ಲರು. ಹಳೆಯ ಪೆಟ್ಟಿಗೆಗಳಲ್ಲಿ ಕ್ಯಾಸೆಟ್ಟುಗಳೂ ಇರಬಹುದು. ಮೊಮ್ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಅಜ್ಜ ಅಜ್ಜಿಯರ ಆ ಮಾತುಗಳನ್ನು ಹಿಡಿದಿಡಬೇಕು, ಸಿಕ್ಕ ಕ್ಯಾಸೆಟ್ಟನ್ನು ಬಿಸಾಡದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ತಲುಪಿಸಬೇಕು. ಈ ವರ್ಷವೇ ಆಗಬೇಕಾದ ಕೆಲಸ ಇದು.